ನಾಲ್ಕು ಇಂಚಿನ ಲಿಫ್ಟ್ ಕಿಟ್: ಎತ್ತರಕ್ಕೆ ಪೂರ್ಣ ಅಂಕ, ಕೋನಕ್ಕೆ ಅರ್ಧ

ವಾಹನವನ್ನು ನೆಲದಿಂದ ಎತ್ತರಿಸುವ ಲಿಫ್ಟ್ ಕಿಟ್‌ಗಳ ಬಗ್ಗೆ ಸಿಗುವ ವಿಮರ್ಶೆಗಳಲ್ಲಿ ಬಹುಪಾಲು ಮೊದಲ ವಾರದ ಉತ್ಸಾಹದಲ್ಲಿ ಬರೆದವು. ಟ್ರಕ್ಕು ಎತ್ತರವಾಗಿದೆ, ದೊಡ್ಡ ಟೈರು ಕುಳಿತಿದೆ, ಫೋಟೊ ಚೆನ್ನಾಗಿ ಬಂದಿದೆ, ಐದು ನಕ್ಷತ್ರ. ಕಿಟ್ಟಿನ ಗುಣ ಗೊತ್ತಾಗುವುದು ಆಮೇಲೆ: ಸ್ಪ್ರಿಂಗುಗಳು ತಮ್ಮ ನಿಜವಾದ ಎತ್ತರಕ್ಕೆ ಇಳಿದು, ಬುಷ್‌ಗಳು ಸವೆದು, ಆಕ್ಸಲ್‌ಗೆ ಶಕ್ತಿ ಒಯ್ಯುವ ಡ್ರೈವ್‌ಶಾಫ್ಟಿನ ಕ್ರಾಸ್‌ಗಳನ್ನು (ಕೀಲುಗಳ ಅಡ್ಡತುಂಡುಗಳನ್ನು) ಬದಲಿಸುವ ಸರದಿ ಬಂದಾಗ. ನಾನು ಆ ಹಂತವನ್ನು ದಾಟಿ ಕೆಲವು ವರ್ಷಗಳಾಗಿವೆ. ತಯಾರಕರ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಈ ವರ್ಗದ ಕಿಟ್‌ಗಳಲ್ಲಿ ಹೆಚ್ಚಿನವು ಒಂದೇ ಲೆಕ್ಕಾಚಾರದ ಮೇಲೆ ನಿಂತಿವೆ; ನನ್ನ ತಕರಾರು ಇರುವುದು ಆ ಲೆಕ್ಕಾಚಾರದ ಜೊತೆಗೆ.

ವಾಹನ 1980ರ ದಶಕದ ಶೆವ್ರೊಲೆ ಕೆ-10. 117.5 ಇಂಚಿನ ವೀಲ್‌ಬೇಸ್ (ಮುಂದಿನ, ಹಿಂದಿನ ಆಕ್ಸಲ್‌ಗಳ ನಡುವಿನ ಅಂತರ), ಮುಂದೆ ಹಿಂದೆ ಎರಡೂ ಕಡೆ ಗಟ್ಟಿ ಆಕ್ಸಲ್ ಮತ್ತು ಲೀಫ್ ಸ್ಪ್ರಿಂಗ್, ಆಕ್ಸಲ್ ಅನುಪಾತ (ಚಕ್ರದ ಒಂದು ಸುತ್ತಿಗೆ ಡ್ರೈವ್‌ಶಾಫ್ಟ್ ತಿರುಗುವ ಸುತ್ತು) 3.73, ಈಗ 33 ಇಂಚಿನ ಟೈರು. ಪೆಟ್ಟಿಗೆಯಲ್ಲಿ ಬಂದದ್ದು ಮುಂದಕ್ಕೆ ಹೆಚ್ಚು ಬಾಗಿದ ಸ್ಪ್ರಿಂಗುಗಳು, ಹಿಂದಕ್ಕೆ ಬೆಣೆಯಾಕಾರದ ಬ್ಲಾಕುಗಳು, ಹೊಸ ಯು-ಬೋಲ್ಟ್‌ಗಳು, ಶಾಕ್ ಅಬ್ಸಾರ್ಬರ್‌ಗಳು, ಎತ್ತರಿಸಿದ ಸ್ಟೀರಿಂಗ್ ಆರ್ಮ್, ಉದ್ದದ ಬ್ರೇಕ್ ಹೋಸ್‌ಗಳು ಮತ್ತು ಟ್ರಾನ್ಸ್‌ಫರ್ ಕೇಸನ್ನು (ಎಂಜಿನ್ನಿನ ಶಕ್ತಿಯನ್ನು ಮುಂದಿನ, ಹಿಂದಿನ ಆಕ್ಸಲ್‌ಗಳಿಗೆ ಹಂಚುವ ಪೆಟ್ಟಿಗೆಯನ್ನು) ಒಂದು ಇಂಚು ಕೆಳಗಿಳಿಸುವ ಸ್ಪೇಸರ್‌ಗಳು.

ಮೊದಲು ಹೊಗಳಿಕೆ ಮುಗಿಸಿಬಿಡುತ್ತೇನೆ. ಮುಂದಿನ ಸ್ಪ್ರಿಂಗುಗಳು ಅತ್ಯುತ್ತಮ. ಆರಂಭದಲ್ಲಿ ಹಲಗೆಯಂತೆ ಬಿಗಿಯಾಗಿದ್ದವು ನಿಜ, ಆದರೆ ಪಳಗಿದ ಮೇಲೆ ಮೂಲ ಸ್ಪ್ರಿಂಗುಗಳಿಗಿಂತ ಹದವಾಗಿ ಕೆಲಸ ಮಾಡುತ್ತಿವೆ. ಎತ್ತರ ಗಮನಾರ್ಹವಾಗಿ ಇಳಿದಿಲ್ಲ, ಯಾವ ಪಟ್ಟಿಯೂ ಮುರಿದಿಲ್ಲ. ಸ್ಟೀರಿಂಗ್ ಆರ್ಮ್, ಸ್ಟೀರಿಂಗನ್ನು ಚಕ್ರಕ್ಕೆ ಜೋಡಿಸುವ ಡ್ರ್ಯಾಗ್ ಲಿಂಕ್ ಎಂಬ ಸರಳನ್ನು ಮತ್ತೆ ಸಮತಲದ ಹತ್ತಿರಕ್ಕೆ ತಂದಿದೆ. ಉಬ್ಬುಗಳ ಮೇಲೆ ಚಕ್ರ ತಾನಾಗಿ ತಿರುಗುವ ಕಾಟವಿಲ್ಲ. ಶಾಕ್ ಅಬ್ಸಾರ್ಬರ್‌ಗಳು ಸಾಧಾರಣ, ಅವುಗಳ ಬಗ್ಗೆ ಹೆಚ್ಚು ಹೇಳಲು ಏನೂ ಇಲ್ಲ.

ಇನ್ನು ಡ್ರೈವ್‌ಶಾಫ್ಟಿನ ವಿಚಾರ. ಶಾಫ್ಟಿನ ತುದಿಯ ಕೀಲಾದ ಯೂನಿವರ್ಸಲ್ ಜಾಯಿಂಟ್ ಕೋನದಲ್ಲಿ ತಿರುಗುವಾಗ ಆ ಕಡೆಯ ಶಾಫ್ಟು ಸಮವೇಗದಲ್ಲಿ ತಿರುಗುವುದಿಲ್ಲ. ಪ್ರತಿ ಸುತ್ತಿನಲ್ಲಿ ಎರಡು ಬಾರಿ ಮುಂದೋಡುತ್ತದೆ, ಎರಡು ಬಾರಿ ಹಿಂದುಳಿಯುತ್ತದೆ. 4.5 ಡಿಗ್ರಿಯಲ್ಲಿ ಈ ಏರಿಳಿತ ಶೇಕಡ 0.3ರಷ್ಟು, 9 ಡಿಗ್ರಿಯಲ್ಲಿ ಶೇಕಡ 1.2ರಷ್ಟು. ಕೋನ ಎರಡು ಪಟ್ಟಾದರೆ ಏರಿಳಿತ ನಾಲ್ಕು ಪಟ್ಟು. ಇನ್ನೊಂದು ತುದಿಯಲ್ಲಿ ಅಷ್ಟೇ ಕೋನದ ಎರಡನೆಯ ಜಾಯಿಂಟ್ ಇದ್ದರೆ, ಎರಡೂ ತುದಿಯ ಯೋಕ್‌ಗಳು (ಜಾಯಿಂಟನ್ನು ಹಿಡಿಯುವ ಕವಲುಗಳು) ಒಂದೇ ನೇರದಲ್ಲಿದ್ದರೆ, ಮೊದಲನೆಯದು ಹುಟ್ಟಿಸಿದ ಏರಿಳಿತವನ್ನು ಎರಡನೆಯದು ಅಳಿಸಿಹಾಕುತ್ತದೆ. ಹೀಗಾಗಿ ಎರಡು ಜಾಯಿಂಟಿನ ಸಾಮಾನ್ಯ ಶಾಫ್ಟಿಗೆ ಮೂಲ ನಿಯಮ ಒಂದೇ: ಟ್ರಾನ್ಸ್‌ಫರ್ ಕೇಸಿನ ಔಟ್‌ಪುಟ್ ಮತ್ತು ಪಿನಿಯನ್ (ಆಕ್ಸಲ್‌ನೊಳಗೆ ಶಕ್ತಿ ಹೊಗಿಸುವ ಗೇರಿನ ದಂಡ) ಪರಸ್ಪರ ಸಮಾಂತರವಾಗಿರಬೇಕು. ವ್ಯತ್ಯಾಸ ಒಂದು ಡಿಗ್ರಿಯೊಳಗಿದ್ದರೆ ಸಾಕು.

ಟ್ರಕ್ಕನ್ನು ಹಿಂದೆ ನಾಲ್ಕು ಇಂಚು ನೇರವಾಗಿ ಎತ್ತಿದರೆ ಈ ಸಮಾಂತರ ಕೆಡುವುದಿಲ್ಲ. ಎರಡೂ ಕೋನಗಳು ಒಟ್ಟಿಗೆ, ಸಮನಾಗಿ ಹೆಚ್ಚುತ್ತವೆ. ಎಷ್ಟು ಹೆಚ್ಚುತ್ತವೆ ಎಂಬುದನ್ನು ತೀರ್ಮಾನಿಸುವುದು ಶಾಫ್ಟಿನ ಉದ್ದ: 50 ಇಂಚಿನ ಶಾಫ್ಟಿಗೆ ಸುಮಾರು 4.5 ಡಿಗ್ರಿ, 30 ಇಂಚಿನದಕ್ಕೆ 7.5 ಡಿಗ್ರಿ. ಉದ್ದನೆಯ ಟ್ರಕ್ಕಿನಲ್ಲಿ ಸುಮ್ಮನಿರುವ ಕಿಟ್ ಗಿಡ್ಡ ಜೀಪಿನಲ್ಲಿ ಗದ್ದಲ ಮಾಡುವುದಕ್ಕೆ ಇದೇ ಕಾರಣ. ನನ್ನ ಟ್ರಕ್ಕಿನಲ್ಲಿ ಲಿಫ್ಟ್ ಆದ ಮೇಲೆ ಔಟ್‌ಪುಟ್ 3 ಡಿಗ್ರಿ ಇಳಿಜಾರು, ಶಾಫ್ಟ್ 12 ಡಿಗ್ರಿ. ಅಂದರೆ ಮುಂದಿನ ಜಾಯಿಂಟಿನ ಮೇಲೆ 9 ಡಿಗ್ರಿ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ 33 ಇಂಚಿನ ಟೈರು ಮತ್ತು 3.73 ಅನುಪಾತಕ್ಕೆ ಶಾಫ್ಟು ನಿಮಿಷಕ್ಕೆ ಸುಮಾರು 2,400 ಸುತ್ತು ತಿರುಗುತ್ತದೆ. ಶಾಫ್ಟ್ ತಯಾರಕರ ಕೋಷ್ಟಕಗಳು 2,500 ಸುತ್ತಿಗೆ ಹೇಳುವ ಗರಿಷ್ಠ ಮಿತಿ 7 ಡಿಗ್ರಿ. ಅವರು ಬಯಸುವುದಂತೂ 3 ಡಿಗ್ರಿ. ಸಮಾಂತರವಾಗಿದ್ದರೆ ಕೋನ ಎಷ್ಟಾದರೂ ಪರವಾಗಿಲ್ಲ ಎನ್ನುವವರು ಒಂದು ಅಂಶವನ್ನು ಬಿಡುತ್ತಾರೆ. ತುದಿಗಳಲ್ಲಿ ಏರಿಳಿತ ಅಳಿಸಿಹೋದರೂ, ನಡುವಿನ ಶಾಫ್ಟು ಪ್ರತಿ ಸುತ್ತಿಗೆ ಎರಡು ಬಾರಿ ಓಡಿ ನಿಧಾನಿಸುತ್ತಲೇ ಇರುತ್ತದೆ. ಆ ಉಕ್ಕಿನ ಕೊಳವೆಗೆ ತೂಕವಿದೆ, ಆ ತೂಕ ಬೇರಿಂಗುಗಳನ್ನು ಬಡಿಯುತ್ತದೆ.

ಕಿಟ್ಟಿನವರು ಇದನ್ನು ಬಲ್ಲರು. ಅದಕ್ಕಾಗಿಯೇ ಸ್ಪೇಸರ್ ಕೊಟ್ಟಿದ್ದಾರೆ. ಟ್ರಾನ್ಸ್‌ಫರ್ ಕೇಸನ್ನು ಒಂದು ಇಂಚು ಇಳಿಸಿದಾಗ ಔಟ್‌ಪುಟ್ 5 ಡಿಗ್ರಿಗೆ ಬಾಗಿತು, ಶಾಫ್ಟ್ 11ಕ್ಕೆ ಇಳಿಯಿತು. ಬೆಣೆಯಾಕಾರದ ಬ್ಲಾಕು ಪಿನಿಯನ್ನನ್ನು 6ಕ್ಕೆ ಎತ್ತಿತು. ಮುಂದಿನ ಜಾಯಿಂಟಿಗೆ 6, ಹಿಂದಿನದಕ್ಕೆ 5. ಲೆಕ್ಕ ಅಚ್ಚುಕಟ್ಟಾಗಿದೆ, ಟ್ರಕ್ಕೂ ಹೆದ್ದಾರಿಯಲ್ಲಿ ನಯವಾಗಿಯೇ ಓಡಿತು. ಗಮನಿಸಬೇಕಾದದ್ದು ಏನೆಂದರೆ, ಇವೆರಡೂ ಜೋಡಿ ಭಾಗಗಳು. ನೆಲದ ಅಂತರ ಉಳಿಸಿಕೊಳ್ಳಲು ಸ್ಪೇಸರ್ ಬಿಟ್ಟು ಬ್ಲಾಕು ಮಾತ್ರ ಹಾಕಿದರೆ ಮುಂದೆ 9, ಹಿಂದೆ 6 ಆಗುತ್ತದೆ. ಆಗ ನಿಂತಲ್ಲಿಂದ ಹೊರಡುವಾಗ ಇಡೀ ಚಾಸಿ ನಡುಗುತ್ತದೆ. ಸೂಚನಾ ಪತ್ರದಲ್ಲಿ ಸ್ಪೇಸರ್‌ಗಳ ಮುಂದೆ "ಅಗತ್ಯವಿದ್ದಲ್ಲಿ" ಎಂದಷ್ಟೇ ಬರೆದಿದ್ದಾರೆ. ಈ ಒಂದು ಪದಕ್ಕೆ ನಾನು ಒಂದು ನಕ್ಷತ್ರ ಕಡಿಮೆ ಮಾಡುತ್ತೇನೆ.

ಜೋಡಿಯಾಗಿ ಕೆಲಸ ಮಾಡಿದರೂ ಅದನ್ನು ಬಹುಕಾಲ ಉಳಿಸಿಕೊಳ್ಳಲು ನನಗೆ ಮನಸ್ಸಾಗಲಿಲ್ಲ. ಎತ್ತರಕ್ಕೆಂದು ಕೊಂಡ ಕಿಟ್ಟು ಹೊಟ್ಟೆಯ ಕೆಳಗೆ ಒಂದು ಇಂಚು ಕಸಿದುಕೊಳ್ಳುವುದು ವಿಚಿತ್ರ ವ್ಯಾಪಾರ. ಕ್ರಾಸ್‌ಮೆಂಬರ್ ಕಲ್ಲಿಗೆ ಮೊದಲು ತಾಗುವ ಭಾಗವಾಯಿತು. ಎಂಜಿನ್ ಹಿಂದಕ್ಕೆ ವಾಲಿದ್ದರಿಂದ ಫ್ಯಾನು ತನ್ನ ಸುತ್ತಲಿನ ಕವಚವಾದ ಶ್ರೌಡಿನ ಮೇಲಂಚಿಗೆ ಹತ್ತಿರವಾಯಿತು, ಫೋರ್‌ವ್ಹೀಲ್ ಲಿವರ್‌ನ ಸರಳನ್ನು ಮತ್ತೆ ಹೊಂದಿಸಬೇಕಾಯಿತು. ಮುಂದಿನ ಶಾಫ್ಟಿಗಂತೂ ಏನೂ ಗಿಟ್ಟಲಿಲ್ಲ: ಕೇಸು ಇಳಿದದ್ದರಿಂದ ಕಡಿಮೆಯಾದ ಎರಡು ಡಿಗ್ರಿಯನ್ನು, ಅದು ವಾಲಿದ್ದರಿಂದ ಸೇರಿದ ಎರಡು ಡಿಗ್ರಿ ನುಂಗಿಹಾಕಿತು.

ಬ್ಲಾಕುಗಳ ಕಥೆ ಬೇರೆ. ಬ್ಲಾಕು ಸ್ಪ್ರಿಂಗಿಗೂ ಆಕ್ಸಲ್‌ಗೂ ನಡುವೆ ಸನ್ನೆಗೋಲಾಗಿ ನಿಲ್ಲುತ್ತದೆ. ಲೋ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಆಕ್ಸಲ್ ತಿರುಚಿ, ಸ್ಪ್ರಿಂಗು ಎಸ್ ಆಕಾರಕ್ಕೆ ಬಾಗಿ, ಪಿನಿಯನ್ ಮೂಗೆತ್ತುತ್ತದೆ. ನಿಂತ ಟ್ರಕ್ಕಿನಲ್ಲಿ ಅಳೆದ ಕೋನಕ್ಕೆ ಆ ಗಳಿಗೆಯಲ್ಲಿ ಅರ್ಥವಿಲ್ಲ. ನನ್ನ ಟ್ರಕ್ಕಿನ ಹಿಂದಿನ ಜಾಯಿಂಟ್ ಮುಂದಿನದಕ್ಕಿಂತ ಬೇಗ ಸವೆದದ್ದಕ್ಕೆ ಇದೇ ಕಾರಣವೆಂದು ನಾನು ತಿಳಿದಿದ್ದೇನೆ. ಅಂದಹಾಗೆ, ಮುಂದಿನ ಆಕ್ಸಲ್‌ಗೆ ಬ್ಲಾಕು ಮಾರುವವರೂ ಇದ್ದಾರೆ. ಸ್ಟೀರಿಂಗ್ ಇರುವ, ಬ್ರೇಕಿನ ಹೊರೆ ಹೆಚ್ಚಾಗಿ ಬೀಳುವ ಆಕ್ಸಲ್‌ಗೆ ಬ್ಲಾಕು ಕೂಡದು, ಅಷ್ಟೇ.

ಈಗಿನ ಸ್ಥಿತಿ ಇದು: ಬ್ಲಾಕು ಹೋಗಿ ಹಿಂದೆಯೂ ಪೂರ್ಣ ಲಿಫ್ಟ್ ಸ್ಪ್ರಿಂಗುಗಳು ಬಂದಿವೆ. ಸ್ಪೇಸರ್ ತೆಗೆದು ಟ್ರಾನ್ಸ್‌ಫರ್ ಕೇಸನ್ನು ಮೂಲ ಸ್ಥಾನಕ್ಕೆ ಏರಿಸಿದ್ದೇನೆ. ಹಿಂದಿನ ಶಾಫ್ಟಿನ ಟ್ರಾನ್ಸ್‌ಫರ್ ಕೇಸ್ ತುದಿಯಲ್ಲಿ ಡಬಲ್ ಕಾರ್ಡನ್ ಜಾಯಿಂಟ್ (ಒಂದಕ್ಕೊಂದು ಅಂಟಿಸಿ ಕೂರಿಸಿದ ಎರಡು ಯೂನಿವರ್ಸಲ್ ಜಾಯಿಂಟ್) ಇದೆ. ಸ್ಪ್ಲೈನ್ (ಉದ್ದುದ್ದ ಹಲ್ಲುಗಳಿರುವ ದಂಡ) ಮೇಲೆ ಜಾರುವ ಯೋಕ್ ಇದ್ದಲ್ಲಿ ಬೋಲ್ಟ್‌ನಿಂದ ಬಿಗಿಯುವ ಸ್ಥಿರ ಯೋಕ್ ಬೇಕಾಯಿತು, ಜಾರುವ ಭಾಗ ಶಾಫ್ಟಿನೊಳಗೇ ಬಂತು. ಡಬಲ್ ಕಾರ್ಡನ್ 9 ಡಿಗ್ರಿಯನ್ನು ಎರಡು ಪಾಲು ಮಾಡಿ, ಏರಿಳಿತವನ್ನು ತನ್ನೊಳಗೇ ಅಳಿಸುತ್ತದೆ. ಶಾಫ್ಟು ಸಮವೇಗದಲ್ಲಿ ತಿರುಗುತ್ತದೆ. ಇಲ್ಲಿ ಸಮಾಂತರದ ನಿಯಮ ನಡೆಯುವುದಿಲ್ಲ. ಪಿನಿಯನ್ ನೇರವಾಗಿ ಶಾಫ್ಟಿನ ಕಡೆಗೇ ಮುಖ ಮಾಡಬೇಕು, ಅದೂ ಒಂದೆರಡು ಡಿಗ್ರಿ ತಗ್ಗಿ, ಎಳೆತದಲ್ಲಿ ಮೇಲೇಳಲು ಅವಕಾಶ ಬಿಟ್ಟು. ನನ್ನದು 12 ಡಿಗ್ರಿ ಶಾಫ್ಟಿಗೆ 10.5 ಡಿಗ್ರಿಯಲ್ಲಿದೆ. ಪೂರ್ಣ ಸೊನ್ನೆಯೂ ಒಳ್ಳೆಯದಲ್ಲ. ಜಾಯಿಂಟಿನ ಸೂಜಿ ಬೇರಿಂಗುಗಳು ಉರುಳದೆ ಒಂದೇ ಜಾಗದಲ್ಲಿ ಕುಳಿತರೆ ಅಲ್ಲಿಯೇ ಗುಳಿ ಕೊರೆಯುತ್ತವೆ.

ಪಿನಿಯನ್ ಎತ್ತಲು ಬಳಸಿದ್ದು ಉಕ್ಕಿನ ಬೆಣೆ. ಆಕ್ಸಲ್ ಮೇಲೆ ಸ್ಪ್ರಿಂಗು ಕೂರುವ ವಾಹನದಲ್ಲಿ ದಪ್ಪ ಅಂಚು ಹಿಂದಕ್ಕೆ ಬರಬೇಕು. ಅಲ್ಯೂಮಿನಿಯಂ ಬೆಣೆಗಳು ಒತ್ತಡಕ್ಕೆ ಜಜ್ಜಿ ಬಿರುಕು ಬಿಡುತ್ತವೆ, ಆಮೇಲೆ ಯು-ಬೋಲ್ಟ್ ಎಷ್ಟು ಬಿಗಿದರೂ ಸಡಿಲ. ಸ್ಪ್ರಿಂಗಿನ ನಡುವಿನ ಬೋಲ್ಟ್ ಕೂಡ ಉದ್ದದ್ದು ಬೇಕು. ಪಿನಿಯನ್ ಇಷ್ಟು ಮೇಲಕ್ಕೆ ಹೋದರೆ ಅದರ ಮುಂದಿನ ಬೇರಿಂಗಿಗೆ ಎಣ್ಣೆ ತಲುಪುವುದು ಕಡಿಮೆಯಾಗುತ್ತದೆ. ಹಾಗಾಗಿ ಡಿಫರೆನ್ಷಿಯಲ್‌ಗೆ ಮಾಮೂಲಿಗಿಂತ ತುಸು ಹೆಚ್ಚು ಎಣ್ಣೆ ಹಾಕುತ್ತೇನೆ.

ಮುಂದಿನ ಆಕ್ಸಲ್‌ಗೆ ಇದೇ ಉಪಾಯ ಮಾಡಲು ಹೋಗಬೇಡಿ. ಅಲ್ಲಿ ಪಿನಿಯನ್ ಎತ್ತಿದಷ್ಟೂ ಕ್ಯಾಸ್ಟರ್ ಕೋನ (ಚಕ್ರ ಎಡಬಲಕ್ಕೆ ಹೊರಳುವ ಅಚ್ಚು ಹಿಂದಕ್ಕೆ ವಾಲಿರುವ ಕೋನ) ಕರಗುತ್ತದೆ, ಸ್ಟೀರಿಂಗ್ ತಾನಾಗಿ ನೇರಕ್ಕೆ ಮರಳುವುದಿಲ್ಲ, ಟ್ರಕ್ಕು ರಸ್ತೆಯುದ್ದಕ್ಕೂ ಅಲೆಯುತ್ತದೆ. ಎರಡರಲ್ಲಿ ಒಂದನ್ನು ಆರಿಸಬೇಕಾದಾಗ ನಾನು ಕ್ಯಾಸ್ಟರ್ ಪಕ್ಷ. ಮುಂದಿನ ಶಾಫ್ಟಿಗೆ ಕಂಪನಿಯಿಂದಲೇ ಡಬಲ್ ಕಾರ್ಡನ್ ಇದೆ. ಮುಂದಿನ ಚಕ್ರಗಳ ಲಾಕಿಂಗ್ ಹಬ್‌ಗಳನ್ನು ಬಿಡಿಸಿ ಟೂವ್ಹೀಲ್‌ನಲ್ಲಿ ಓಡಿಸುವಾಗ ಅದು ತಿರುಗುವುದೇ ಇಲ್ಲ. ಫೋರ್‌ವ್ಹೀಲ್‌ನಲ್ಲಿ ವೇಗ ಹೆಚ್ಚಿಸಿದಾಗ ತುಸು ಗುಂಯ್‌ಗುಡುತ್ತದೆ, ನಾನು ವೇಗ ಇಳಿಸುತ್ತೇನೆ. ಆದರೆ ಒಂದು ಪರೀಕ್ಷೆ ತಪ್ಪಿಸಬಾರದು: ಚಾಸಿಯನ್ನು ಎತ್ತಿ ಆಕ್ಸಲ್‌ಗಳನ್ನು ಪೂರ್ತಿ ಜೋತುಬಿಟ್ಟು ಎರಡೂ ಶಾಫ್ಟುಗಳನ್ನು ಕೈಯಿಂದ ತಿರುಗಿಸಿ. ಯೋಕ್ ಎಲ್ಲಾದರೂ ತಡೆದರೆ ಆ ಕೋನಕ್ಕೆ ಜಾಯಿಂಟ್ ಒಗ್ಗುವುದಿಲ್ಲ. ಜಾರುವ ಸ್ಪ್ಲೈನ್ ಎಷ್ಟು ಹೊರಬಂದಿದೆ ಎಂಬುದನ್ನೂ ಆಗಲೇ ನೋಡಿ. ಶಾಫ್ಟ್ ಕಳಚುವ ಮೊದಲು ಸ್ಪ್ಲೈನಿನ ಎರಡೂ ಕಡೆ ಬಣ್ಣದ ಗೆರೆ ಎಳೆಯಿರಿ; ಒಂದು ಹಲ್ಲು ತಪ್ಪಿ ಜೋಡಿಸಿದರೂ ಯೋಕ್‌ಗಳ ನೇರ ಕೆಡುತ್ತದೆ.

ಕೋನ ಅಳೆಯುವುದು ಮಾತ್ರ ಇದಕ್ಕೆ ವಿರುದ್ಧ: ಚಕ್ರಗಳ ಮೇಲೆ ಪೂರ್ಣ ಭಾರವಿರಬೇಕು, ನೆಲ ಸಮತಟ್ಟಾಗಿರಬೇಕು. ಕೆಲವು ನೂರು ಕಿಲೋಮೀಟರ್ ಓಡಿಸಿ ಯು-ಬೋಲ್ಟ್‌ಗಳನ್ನು ಮತ್ತೆ ಬಿಗಿದ ನಂತರ ಇನ್ನೊಮ್ಮೆ ಅಳೆಯಬೇಕು. ಕಂಪನ ಬಂದರೆ ಎಲ್ಲವನ್ನೂ ಕೋನದ ತಲೆಗೆ ಕಟ್ಟಬೇಡಿ. ಟೈರಿನ ಅಸಮತೋಲನ ಚಕ್ರದ ಒಂದು ಸುತ್ತಿಗೆ ಒಮ್ಮೆ, ನಿಧಾನ ಗತಿಯ ಕುಲುಕು. ಶಾಫ್ಟಿನ ಅಸಮತೋಲನ ಶಾಫ್ಟಿನ ಸುತ್ತಿಗೆ ಒಮ್ಮೆ, ಅಂದರೆ ನನ್ನ ಟ್ರಕ್ಕಿನಲ್ಲಿ ಅದರ 3.73 ಪಟ್ಟು. ಕೋನದ್ದು ಅದರ ಇನ್ನೂ ಎರಡು ಪಟ್ಟು. ಅದು ನಡುಕಕ್ಕಿಂತ ಹೆಚ್ಚಾಗಿ ಗುಂಯ್‌ಗಾರವಾಗಿ ಕೇಳಿಸುತ್ತದೆ, ಆಕ್ಸಿಲರೇಟರ್ ಒತ್ತಿದಾಗಲೂ ಬಿಟ್ಟಾಗಲೂ ಅದರ ಸ್ವರ ಬದಲಾಗುತ್ತದೆ.

ಮತ್ತೆ ಕೊಳ್ಳುವುದಾದರೆ ಈ ತಯಾರಕರ ಸ್ಪ್ರಿಂಗುಗಳನ್ನೂ ಸ್ಟೀರಿಂಗ್ ಆರ್ಮನ್ನೂ ಬಿಡಿಬಿಡಿಯಾಗಿ ತರುತ್ತೇನೆ. ಬ್ಲಾಕಿಗೆ ಕೊಡುವ ಹಣ ನೇರವಾಗಿ ಡಬಲ್ ಕಾರ್ಡನ್ ಶಾಫ್ಟಿಗೆ ಹೋಗಲಿ. ಇನ್ನೂ ಕಾಡುತ್ತಿರುವುದು, ಸ್ಪ್ರಿಂಗಿನ ತುದಿಯನ್ನು ಚಾಸಿಗೆ ಜೋಡಿಸುವ ಹಿಂದಿನ ಶ್ಯಾಕಲ್‌ಗಳ ಪಾಲಿಯುರೆಥೇನ್ ಬುಷ್‌ಗಳ ಕಿರುಗುಟ್ಟುವಿಕೆ. ಗ್ರೀಸ್ ಹಾಕಿದರೆ ಕೆಲವು ವಾರ ಸುಮ್ಮನಿರುತ್ತವೆ. ಮುಂದಿನ ಬಾರಿ ಕಳಚಿದಾಗ ಅಲ್ಲಿಗೆ ರಬ್ಬರ್ ಬುಷ್ ಹಾಕಿಸುತ್ತೇನೆ.