ಪಾಸ್‌ವರ್ಡ್‌ಗೆ ಯಾವ ಹ್ಯಾಶ್? ಎಂಡಿ5, ಶಾ-256, ಬಿಕ್ರಿಪ್ಟ್, ಆರ್ಗಾನ್2 ಓಡಿಸಿ ನೋಡಿದೆ

ಹ್ಯಾಶ್ ಅಂದರೆ ಪಾಸ್‌ವರ್ಡನ್ನು ಹಿಂದಕ್ಕೆ ತಿರುಗಿಸಲಾಗದ ಅಕ್ಷರಸಾಲಾಗಿ ಬದಲಿಸುವುದು; ಸರ್ವರಿನಲ್ಲಿ ಪಾಸ್‌ವರ್ಡ್ ಬದಲು ಅದನ್ನೇ ಇಡುತ್ತಾರೆ. ಹೊಸದಾಗಿ ಲಾಗಿನ್ ಕಟ್ಟುತ್ತಿದ್ದರೆ ಆರ್ಗಾನ್2ಐಡಿ (ಆರ್ಗಾನ್2ರ ಒಂದು ಬಗೆ) ಹಾಕಿ. ಬಿಕ್ರಿಪ್ಟ್ ಈಗಾಗಲೇ ಇದ್ದರೆ ಕಿತ್ತು ಹಾಕುವ ಗೋಜಿಗೆ ಹೋಗಬೇಡಿ. ನಾಲ್ಕನ್ನೂ ಒಂದೇ ಲ್ಯಾಪ್‌ಟಾಪಿನಲ್ಲಿ ಓಡಿಸಿದ ಮೇಲೆ ನನ್ನ ತೀರ್ಮಾನ ಇದು.

1992ರಲ್ಲಿ ಪ್ರಕಟವಾದ ಎಂಡಿ5 ಬಗ್ಗೆ ಹೇಳಲು ಜಾಸ್ತಿ ಇಲ್ಲ. 123456 ಕೊಟ್ಟೆ, ಇ10ಎಡಿಸಿ3949 ಅಂತ ಶುರುವಾಗುವ 32 ಅಕ್ಷರ ಬಂತು. ಅದನ್ನು ಹಾಗೇ ಗೂಗಲ್‌ಗೆ ಹಾಕಿದರೆ ಉತ್ತರ ಎದುರಿಗೇ ಬಂದು ಕೂರುತ್ತದೆ. ಮುಗೀತು.

ಶಾ-256 ಗಟ್ಟಿಯಾದದ್ದೇ. ಡೌನ್‌ಲೋಡ್ ಮಾಡಿದ ಫೈಲ್ ಸರಿ ಇದೆಯಾ ಅಂತ ನೋಡಲು ನಾನು ಈಗಲೂ ಅದನ್ನೇ ಬಳಸುತ್ತೇನೆ. ಆದರೆ ಅದರ ವೇಗವೇ ಪಾಸ್‌ವರ್ಡ್‌ಗೆ ಶತ್ರು. ಹ್ಯಾಶ್ ಕದ್ದವರ ಕೈಲಿ ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಅದು ಸೆಕೆಂಡಿಗೆ ನೂರಾರು ಕೋಟಿ ಊಹೆಗಳನ್ನು ಹ್ಯಾಶ್ ಮಾಡಿ ಹೋಲಿಸಿ ನೋಡುತ್ತದೆ. ಸಾಲ್ಟ್ (ಪ್ರತಿ ಪಾಸ್‌ವರ್ಡ್‌ಗೂ ಬೆರೆಸುವ ಬೇರೆ ಬೇರೆ ಅಡ್ಡಾದಿಡ್ಡಿ ಅಕ್ಷರಗಳು) ಸೇರಿಸಿದರೆ ಮೊದಲೇ ಮಾಡಿಟ್ಟ ಹ್ಯಾಶ್ ಪಟ್ಟಿಗಳು ಕೆಲಸಕ್ಕೆ ಬರುವುದಿಲ್ಲ, ನಿಜ. ಊಹೆಯ ವೇಗ ಮಾತ್ರ ತಗ್ಗುವುದಿಲ್ಲ.

1999ರ ಬಿಕ್ರಿಪ್ಟ್ ಬೇಕಂತಲೇ ನಿಧಾನ. ಕಾಸ್ಟ್ (ಎಷ್ಟು ನಿಧಾನ ಅಂತ ನಾವೇ ಹೇಳುವ ಅಂಕಿ) 12 ಇಟ್ಟಾಗ ನನ್ನಲ್ಲಿ ಒಂದು ಲಾಗಿನ್‌ಗೆ ಸುಮಾರು ಕಾಲು ಸೆಕೆಂಡ್. 13ಕ್ಕೆ ಏರಿಸಿದರೆ ಸಮಯ ಎರಡರಷ್ಟು. ಸಾಲ್ಟನ್ನೂ ತಾನೇ ಹಾಕಿಕೊಳ್ಳುತ್ತದೆ. ಆದರೆ ಕನ್ನಡದವರಿಗೆ ಇದರಲ್ಲೊಂದು ಗುಂಡಿ ಇದೆ. ಬಿಕ್ರಿಪ್ಟ್ ನೋಡುವುದು ಮೊದಲ 72 ಬೈಟ್ ಮಾತ್ರ. ಅಕ್ಷರಗಳನ್ನು ಬೈಟ್ ಆಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ನಮ್ಮ ಒಂದೊಂದು ವ್ಯಂಜನ, ಒಂದೊಂದು ಗುಣಿತದ ಚಿಹ್ನೆ, ಒತ್ತಕ್ಷರದೊಳಗೆ ಅಡಗಿರುವ ಹಲಂತ ಎಲ್ಲಕ್ಕೂ 3 ಬೈಟ್. 'ಕ್ಷ' ಒಂದಕ್ಕೇ 9! 'ಜೋಳದ ರೊಟ್ಟಿ ಎಣ್ಣೆಗಾಯಿ ಪಲ್ಯ' ಅಂತ ಬರೆದರೆ ಸರಿಯಾಗಿ 72. ಕೊನೆಗೆ 'ಮೊಸರು' ಸೇರಿಸಿ ಪಿಎಚ್‌ಪಿಯಲ್ಲಿ ಹ್ಯಾಶ್ ಮಾಡಿದೆ. ಆಮೇಲೆ 'ಚಟ್ನಿ' ಅಂತ ಮುಗಿಸಿ ಲಾಗಿನ್ ಒತ್ತಿದೆ. ಬಾಗಿಲು ತೆರೆಯಿತು. ಕೆಲವು ಹೊಸ ಲೈಬ್ರರಿಗಳು ಉದ್ದ ಮೀರಿದರೆ ಎರರ್ ಕೊಡುತ್ತವೆ, ಅದೇ ವಾಸಿ.

ಆರ್ಗಾನ್2 2015ರ ಪಾಸ್‌ವರ್ಡ್ ಹ್ಯಾಶಿಂಗ್ ಸ್ಪರ್ಧೆಯಲ್ಲಿ ಗೆದ್ದದ್ದು. ಅದೇ ರೊಟ್ಟಿ ಸಾಲು ಕೊಟ್ಟರೆ ಚಟ್ನಿಯನ್ನು ಒಳಗೆ ಬಿಡಲಿಲ್ಲ. ಇದು ಸಮಯದ ಜೊತೆ ಮೆಮೊರಿಯನ್ನೂ ಕೇಳುತ್ತದೆ. ಹಾಗಾಗಿ ಗ್ರಾಫಿಕ್ಸ್ ಕಾರ್ಡಿನಲ್ಲಿ ಒಟ್ಟಿಗೆ ಸಾವಿರಾರು ಊಹೆ ನಡೆಸುವುದು ದುಬಾರಿ. ಖರ್ಚು ನಮಗೂ ಇದೆ ಅನ್ನಿ. 64 ಎಂಬಿ ಇಟ್ಟರೆ 1 ಜಿಬಿ ಸರ್ವರಿನಲ್ಲಿ 16 ಜನ ಒಟ್ಟಿಗೆ ಲಾಗಿನ್ ಆದರೂ ಉಸಿರು ಕಟ್ಟುತ್ತದೆ. ಚಿಕ್ಕ ಸರ್ವರಿಗೆ ವೆಬ್ ಸುರಕ್ಷತೆಯ ಸಂಸ್ಥೆ ಓವಾಸ್ಪ್ ಹೇಳುವ 19 ಎಂಬಿ, 2 ಸುತ್ತು ಸಾಕು.

ಮೊಬೈಲ್ ನಂಬರನ್ನೂ ಶಾ-256 ಮಾಡಿಟ್ಟು 'ಎನ್‌ಕ್ರಿಪ್ಟ್ ಮಾಡಿದ್ದೇವೆ' ಅನ್ನುವವರಿದ್ದಾರೆ. ನಮ್ಮ ಮೊಬೈಲ್ ನಂಬರುಗಳು 6ರಿಂದ 9ರೊಳಗಿನ ಅಂಕಿಯಿಂದ ಶುರುವಾಗುವ 10 ಅಂಕಿ. ಎಷ್ಟು ತಿಪ್ಪರಲಾಗ ಹಾಕಿದರೂ 400 ಕೋಟಿ. ಅಷ್ಟನ್ನೂ ಹ್ಯಾಶ್ ಮಾಡಿ ಹೋಲಿಸಲು ಮೇಲೆ ಹೇಳಿದ ಕಾರ್ಡಿಗೆ ಎಷ್ಟು ಹೊತ್ತು ಬೇಕು, ಅಲ್ವಾ? ನಂಬರನ್ನು ಮತ್ತೆ ಓದಬೇಕಿದ್ದರೆ ಎಇಎಸ್-ಜಿಸಿಎಂ (ಕೀಲಿ ಇದ್ದರೆ ಮತ್ತೆ ಬಿಡಿಸಬಹುದಾದ ನಿಜವಾದ ಎನ್‌ಕ್ರಿಪ್ಶನ್) ಬಳಸಿ, ಕೀಲಿಯನ್ನು ಡೇಟಾಬೇಸ್‌ನಿಂದ ಬೇರೆ ಕಡೆ ಇಡಿ. ಸುಮ್ನೆ ಇದೆಯಾ ಇಲ್ಲವಾ ನೋಡಲು ಮಾತ್ರವಾದರೆ, ಗುಟ್ಟಿನ ಕೀಲಿ ಬೆರೆಸಿ ಮಾಡುವ ಹ್ಯಾಶ್, ಅಂದರೆ ಎಚ್‌ಮ್ಯಾಕ್, ಸಾಕು.