ಜಾರುವ ಮಂಡಿಚಿಪ್ಪಿಗೆ ನೀ ಬ್ರೇಸ್: ಎರಡು ವರ್ಷ ಹಾಕಿದ ಮೇಲೆ

ನನ್ನ ಬಲಗಾಲಿನ ಮಂಡಿಚಿಪ್ಪು ಎರಡು ಸಲ ಜಾಗ ಬಿಟ್ಟು ಜಾರಿದೆ. ಎರಡನೇ ಸಲ ಆಟವೂ ಇಲ್ಲ, ಓಟವೂ ಇಲ್ಲ. ಪಾದ ಊರಿಕೊಂಡೇ ಸುಮ್ನೆ ಹಿಂದಕ್ಕೆ ತಿರುಗಿದೆ, ಅಷ್ಟೇ. ಆಮೇಲೆ ಡಾಕ್ಟರು ಬರೆದುಕೊಟ್ಟಿದ್ದು ಈ ನೀ ಬ್ರೇಸ್, ಅಂದರೆ ಮಂಡಿಗೆ ಆಸರೆಯಾಗಿ ಸುತ್ತಿಕೊಳ್ಳುವ ಕವಚ. ನಡುವೆ ಚಿಪ್ಪಿಗೆ ಒಂದು ತೂತು, ಅದರ ಪಕ್ಕ ಅರ್ಧಚಂದ್ರದಂಥ ದಪ್ಪ ಪ್ಯಾಡ್, ಮೇಲೂ ಕೆಳಗೂ ವೆಲ್ಕ್ರೋ ಪಟ್ಟಿ.

ಕೆಲಸವೆಲ್ಲ ಆ ಪ್ಯಾಡಿನದೇ. ಚಿಪ್ಪು ಸಾಮಾನ್ಯವಾಗಿ ಜಾರುವುದು ಕಾಲಿನ ಹೊರಬದಿಗೆ, ಹಾಗಾಗಿ ತಡೆಯೂ ಅಲ್ಲೇ ಇರಬೇಕು. ನನ್ನದರಲ್ಲಿ ಪ್ಯಾಡ್ ಕಿತ್ತು ಅಂಟಿಸುವಂಥದ್ದು. ಒಮ್ಮೆ ಒಗೆದ ಮೇಲೆ ಒಳಬದಿಗೆ ಅಂಟಿಸಿಕೊಂಡು ವಾರವಿಡೀ ಓಡಾಡಿದ್ದೇನೆ! ಮೆಟ್ಟಿಲು ಇಳಿಯುವಾಗ ಏನೋ ಸರಿಯಿಲ್ಲ ಅನ್ನಿಸುತ್ತಿತ್ತು. ಫಿಸಿಯೋಥೆರಪಿಸ್ಟ್ ನೋಡಿದವರೇ, "ಅಲ್ಲಾ, ಇದು ಚಿಪ್ಪನ್ನ ಹೊರಗೇ ತಳ್ತಿದೆಯಲ್ಲ" ಅಂದರು. ಈಗ ಪ್ಯಾಡಿನ ಜಾಗದಲ್ಲಿ ಮಾರ್ಕರ್‌ನಿಂದ "ಹೊರಗೆ" ಅಂತ ಬರೆದಿಟ್ಟಿದ್ದೇನೆ.

ಅಳತೆಯಲ್ಲೂ ಎಡವಿದ್ದೆ. ತೊಡೆ ಅಳೆಯದೆ ಅಂದಾಜಿನಲ್ಲಿ ತರಿಸಿದ ಮೊದಲ ಬ್ರೇಸ್ ಹತ್ತು ಹೆಜ್ಜೆಗೆ ಕೆಳಗಿಳಿಯುತ್ತಿತ್ತು. ತೂತು ಚಿಪ್ಪಿನ ಕೆಳಗೆ ಹೋದರೆ ಬ್ರೇಸ್ ಇದ್ದೂ ಇಲ್ಲದ ಹಾಗೆ. ಹಾಗಂತ ಪಟ್ಟಿಯನ್ನು ಬಿಗಿದೂ ನೋಡಿದೆ, ಮೀನಖಂಡ ಜುಮ್ಮೆನ್ನತೊಡಗಿತು. ಕಂಪನಿಯ ಚಾರ್ಟ್ ನೋಡಿ ಅಳೆದು ತರಿಸಿದ್ದು ಸರಿಯಾಗಿ ಕೂತಿತು.

ಬ್ರೇಸಿನದು ನಿಯೋಪ್ರೀನ್ ಅನ್ನುವ ರಬ್ಬರಿನಂಥ ಬಟ್ಟೆ, ಗಾಳಿಯಾಡಲ್ಲ. ಬೆವರು ಜಾಸ್ತಿ, ಮಂಡಿಯ ಹಿಂದಿನ ಮಡಿಕೆಯಲ್ಲಿ ಕೆಂಪು ಗುಳ್ಳೆ. ಮನೆಗೆ ಬಂದ ಕೂಡಲೇ ಬಿಚ್ಚುತ್ತೇನೆ. ತಣ್ಣೀರಲ್ಲಿ ಕೈಯಿಂದ ಒಗೆದು ನೆರಳಲ್ಲಿ ಒಣಗಿಸುತ್ತೇನೆ. ವೆಲ್ಕ್ರೋ ತುಂಬ ಕೂದಲು, ದಾರದ ಎಳೆ ಸೇರಿಕೊಳ್ಳುತ್ತವೆ. ಹಳೇ ಟೂತ್‌ಬ್ರಷ್‌ನಿಂದ ಉಜ್ಜಿದರೆ ಮತ್ತೆ ಹಿಡಿಯುತ್ತದೆ, ಆದರೂ ಒಂದೂವರೆ ವರ್ಷಕ್ಕೆ ಮೇಲಿನ ಪಟ್ಟಿ ಸೋತಿತು.

ಬ್ರೇಸ್ ಹಾಕಿದ ಮಾತ್ರಕ್ಕೆ ಚಿಪ್ಪಿಗೆ ಬೀಗ ಬೀಳಲ್ಲ. ಹಾಕಿಕೊಂಡಿದ್ದಾಗಲೇ ಒಮ್ಮೆ ಚಿಪ್ಪು ಅಲುಗಿ, ಎದೆ ಝಲ್ಲೆಂದು, ವಾಪಸ್ ಕೂತಿದ್ದುಂಟು. ಪೂರ್ತಿ ಜಾರಿಲ್ಲ ನಿಜ, ಆದರೆ ಅದರಲ್ಲಿ ತೊಡೆಯ ಮುಂಭಾಗದ ಸ್ನಾಯುವಿಗೆ ದಿನಾ ಮಾಡುವ ವ್ಯಾಯಾಮದ ಪಾಲೂ ಇದೆ. ಮಲಗಿ, ಮಂಡಿ ಮಡಚದೆ ಕಾಲೆತ್ತಿ ಹಿಡಿಯುವುದು. ಬೋರು ಹೊಡೆಸುತ್ತೆ, ಬಿಟ್ಟ ವಾರ ಮಂಡಿಗೆ ಗೊತ್ತಾಗುತ್ತೆ. ಬ್ರೇಸ್ ನನಗೆ ಕೊಟ್ಟಿದ್ದು ಮುಖ್ಯವಾಗಿ ಎಚ್ಚರ: ಚರ್ಮಕ್ಕೆ ಅಂಟಿಕೊಂಡಿದ್ದು ತಿರುಗುವಾಗ ನೆನಪಿಸುತ್ತೆ, ಮೊದಲು ಪಾದ ಎತ್ತು ಅಂತ.

ಈಗ ಏರುತಗ್ಗಿನ ನಡಿಗೆಗೆ, ಆಟಕ್ಕೆ ಮಾತ್ರ ಹಾಕುತ್ತೇನೆ. ಮುಂದಿನದನ್ನು ತರಿಸುವಾಗ ಪ್ಯಾಡನ್ನು ಹೊಲಿದೇ ಕೂರಿಸಿರುವ, ಬಲಗಾಲಿನದೇ ಬ್ರೇಸ್ ನೋಡುತ್ತೇನೆ.