ಮೆಕ್ಕೆಜೋಳದಲ್ಲಿ ಬಿದ್ದ ಗ್ಲೈಡರ್ ಹುಡುಕಲು ಲೋರಾ ಟ್ರ್ಯಾಕರ್: ಎರಡು ವರ್ಷ ಬಳಸಿದ ಮೇಲೆ

ದಾವಣಗೆರೆ ಕಡೆ ಗ್ಲೈಡರ್ ಹಾರಿಸುವವರಿಗೆ ಮಳೆಗಾಲ ಮುಗಿಯುವ ಹೊತ್ತೇ ಕಷ್ಟ. ಎಲ್ಲಿ ನೋಡಿದರೂ ಆಳೆತ್ತರದ ಮೆಕ್ಕೆಜೋಳ. ನನ್ನದು ಎರಡು ಮೀಟರ್ ರೆಕ್ಕೆಯ ರಿಮೋಟ್ ಗ್ಲೈಡರ್. ಆನಗೋಡು ಹತ್ತಿರ ಒಮ್ಮೆ ಹೊಲದೊಳಗೆ ಬಿತ್ತು. ಮೂರು ದಿನ ಹುಡುಕಿದೆವು. ಕೊನೆಗೆ ಸಿಕ್ಕಿದ್ದು ಕಟಾವಿನ ದಿನ, ಹೊಲದವರ ಕೈಗೆ. 2023ರಲ್ಲಿ ಹಿರಿಯೂರು ತಾಲೂಕಿನ ವದ್ದಿಕೆರೆ ಹತ್ತಿರ ಡಿಆರ್‌ಡಿಒ ಡ್ರೋನ್ ಹೊಲಕ್ಕೆ ಬಿದ್ದಾಗ ಜನ ನೋಡಲು ಮುಗಿಬಿದ್ದಿದ್ದರು. ಫೋಮಿನ ಗ್ಲೈಡರ್ ಬಿದ್ದರೆ ಯಾರಿಗೆ ಬೇಕು, ಅಲ್ವಾ?

ಆಮೇಲೆ ಈ ಟ್ರ್ಯಾಕರ್ ತರಿಸಿದೆ. ಮನುಷ್ಯರು ಕೂತು ಹಾರುವ ಗ್ಲೈಡರ್‌ಗಳಲ್ಲಿ ಫ್ಲಾರ್ಮ್ ಅಂತ ಒಂದು ಸಾಧನ ಇರುತ್ತದೆ. 2004ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಶುರುವಾದದ್ದು, ಗಾಳಿಯಲ್ಲಿ ಒಂದಕ್ಕೊಂದು ಡಿಕ್ಕಿಯಾಗದಿರಲಿ ಅಂತ. ತಾನಿರುವ ಜಾಗ, ಎತ್ತರ ಎರಡನ್ನೂ ರೇಡಿಯೊದಲ್ಲಿ ಹೇಳುತ್ತಲೇ ಇರುತ್ತದೆ. ಓಪನ್ ಗ್ಲೈಡರ್ ನೆಟ್‌ವರ್ಕ್‌ನ ಹವ್ಯಾಸಿಗಳು ನೆಲದ ಮೇಲೆ ರಿಸೀವರ್ ಇಟ್ಟು ಅದನ್ನು ಹಿಡಿಯುತ್ತಾರೆ. ಗ್ಲೈಡರ್ ಕಾಣೆಯಾದರೆ ಹುಡುಕುವವರಿಗೂ ಅದೇ ಸುಳಿವು. ನನ್ನದು ಅದರ ಬಡ ನೆಂಟ: ಒಂದು ಜಿಪಿಎಸ್, ಒಂದು ಲೋರಾ ರೇಡಿಯೊ (ಕಡಿಮೆ ಬ್ಯಾಟರಿಯಲ್ಲಿ ದೂರಕ್ಕೆ ಸಣ್ಣ ಸಂದೇಶ ಕಳಿಸುವಂಥದ್ದು), ಕೈಯಲ್ಲಿ ಹಿಡಿಯಲು ರಿಸೀವರ್. ಯುರೋಪಿನ ಸೆಟ್ಟಿಂಗ್‌ನಲ್ಲಿ ಬಂದಿತ್ತು, ನಮ್ಮ ದೇಶಕ್ಕೆ ಹೊಂದುವ 866 ಮೆಗಾಹರ್ಟ್ಸ್‌ಗೆ ಬದಲಿಸಿಕೊಂಡೆ.

ಒಂದು ಸಂಗತಿ ನನಗೆ ತಡವಾಗಿ ಹೊಳೆಯಿತು. ಇದು ಗ್ಲೈಡರ್ ಬಿದ್ದ ಜಾಗ ತೋರಿಸುವುದಿಲ್ಲ. ಕೊನೆಯ ಸಲ ಸಿಗ್ನಲ್ ಸಿಕ್ಕಾಗ ಎಲ್ಲಿತ್ತೋ ಅದನ್ನು ತೋರಿಸುತ್ತದೆ. ಬೆಳೆಯ ಮರೆಗೆ ಇಳಿದ ಕೂಡಲೇ ಸಿಗ್ನಲ್ ಕಟ್. ಕೊನೆಯ ಎತ್ತರ 30 ಮೀಟರ್ ಇದ್ದು, ಒಂದು ಮೀಟರ್ ಇಳಿಯುವಷ್ಟರಲ್ಲಿ ಹತ್ತು ಮೀಟರ್ ಮುಂದಕ್ಕೆ ತೇಲಿದರೆ ಇನ್ನೂ 300 ಮೀಟರ್ ಮುಂದೆ ಹೋಗಿರಬಹುದು. ಮೊದಲ ಸಲ ಮ್ಯಾಪಿನ ಚುಕ್ಕಿ ಇದ್ದಲ್ಲೇ ಒಂದು ಗಂಟೆ ಸುಮ್ನೆ ಸುತ್ತಿದೆ. ಮೈಕೈಯೆಲ್ಲ ಎಲೆ ಕೊಯ್ದಿತ್ತು. ಈಗ ಕೊನೆಯ ಎರಡು ಚುಕ್ಕಿ ಸೇರಿಸಿ ಗೆರೆ ಎಳೆಯುತ್ತೇನೆ, ಅದೇ ದಿಕ್ಕಿಗೆ ಬದು ಹಿಡಿದು ನಡೆಯುತ್ತೇನೆ. ರಿಸೀವರ್ ಕೋಲಿಗೆ ಕಟ್ಟಿ ಮೇಲೆತ್ತಿದರೆ ಸಿಗ್ನಲ್ ಬೇಗ ಮರಳಿ ಬರುತ್ತದೆ. ಮಳೆ ಬಂದು ಎಲೆ ಒದ್ದೆಯಿದ್ದರೆ ಮಾತ್ರ ತುಂಬಾ ಹತ್ತಿರ ಹೋಗಲೇಬೇಕು.

ಆಂಟೆನಾವನ್ನು ಕಾರ್ಬನ್ ಕೊಳವೆಗೆ ಅಂಟಿಸಬೇಡಿ, ಕಾರ್ಬನ್ ಸಿಗ್ನಲ್ ನುಂಗುತ್ತದೆ. ಬಜರ್ ಸದ್ದು ಸಾಲದು, ಗಾಳಿಗೆ ಜೋಳದ ಎಲೆಯೇ ಜಾಸ್ತಿ ಸದ್ದು ಮಾಡುತ್ತದೆ. ವರ್ಷಕ್ಕೆ ಚಾರ್ಜಿಂಗ್ ಪೋರ್ಟ್ ಸಡಿಲವಾಯಿತು. ಮಾರಿದವರು ಫೋನ್ ಎತ್ತಲಿಲ್ಲ, ನಾನೇ ಬೆಸುಗೆ ಹಾಕಿಕೊಂಡೆ.

ಐದು ಸಲ ಬಿದ್ದಿದೆ, ನಾಲ್ಕು ಸಲ ಸಿಕ್ಕಿದೆ. ಐದನೆಯದು ನನ್ನದೇ ತಪ್ಪು. ತೂಕ ಉಳಿಸಲು ಟ್ರ್ಯಾಕರನ್ನು ಗ್ಲೈಡರಿನ ಬ್ಯಾಟರಿಗೇ ಜೋಡಿಸಿದ್ದೆ. ಬಿದ್ದ ಏಟಿಗೆ ಬ್ಯಾಟರಿ ಕಳಚಿರಬೇಕು, ಹತ್ತಿರ ಹೋದರೂ ಏನೂ ಕೇಳಿಸಲಿಲ್ಲ. ಹೊಸ ಟ್ರ್ಯಾಕರ್ ತರಿಸಿ, ಅದಕ್ಕೆ ಬೇರೆ ಬ್ಯಾಟರಿ ಹಾಕಿದ್ದೇನೆ. ಹಳೆಯದಕ್ಕೆ ಮತ್ತೆ ಕಟಾವೇ ಗತಿ. ಹೊಲದವರಿಗೆ ಫೋನ್ ನಂಬರ್ ಕೊಟ್ಟು ಬಂದಿದ್ದೇನೆ.